ಚಿಪ್ಸಿನ ಗರಿ ಉಳಿಸಿದ ಇಸ್ತ್ರಿಪೆಟ್ಟಿಗೆ

ಅಡುಗೆಮನೆಯ ಬಾಗಿಲ ಬಳಿ ತುಸು ಪಕ್ಕಕ್ಕೆ ನಿಲ್ಲಿ, ಬಡಿಸುವವರ ದಾರಿಗೆ ಅಡ್ಡ ಬರಬೇಡಿ. ಇಸವಿ 1853. ನ್ಯೂಯಾರ್ಕ್ ರಾಜ್ಯದ ಸರಟೋಗಾ ಸ್ಪ್ರಿಂಗ್ಸ್. ಖನಿಜ ನೀರಿನ ಬುಗ್ಗೆಗಳಿಗೆ ಹೆಸರಾದ ಈ ಊರಿಗೆ ಬೇಸಿಗೆ ಬಂತೆಂದರೆ ಸಿರಿವಂತರ ಸಾರೋಟುಗಳು ಸಾಲುಗಟ್ಟುತ್ತವೆ. ಊರಾಚೆ ಸರೋವರದ ದಂಡೆಯಲ್ಲಿರುವ ಮೂನ್ಸ್ ಲೇಕ್ ಹೌಸ್ ಎಂಬ ಹೋಟೆಲು ಇದು. ಒಲೆಯ ಮುಂದೆ ನಿಂತವನು ಜಾರ್ಜ್ ಕ್ರಮ್. ಆಫ್ರಿಕನ್ ಮತ್ತು ಅಮೆರಿಕದ ಮೂಲನಿವಾಸಿ ಎರಡೂ ಬೇರುಗಳ ಮನುಷ್ಯ. ಹುಟ್ಟಿದಾಗ ಇಟ್ಟ ಹೆಸರು ಜಾರ್ಜ್ ಸ್ಪೆಕ್. ಕೈ ಚುರುಕು, ಮೂಗಿನ ತುದಿಯಲ್ಲೇ ಸಿಟ್ಟು.

ಊಟದ ಹಜಾರದಿಂದ ತಟ್ಟೆಯೊಂದು ವಾಪಸ್ ಬಂದಿದೆ. ಕರಿದ ಆಲೂಗಡ್ಡೆ ತೀರ ದಪ್ಪವಂತೆ. ಇನ್ನಷ್ಟು ತೆಳ್ಳಗೆ ಹೆಚ್ಚಿ ಕಳಿಸಿದರೂ ಗಿರಾಕಿಗೆ ಸಮಾಧಾನವಿಲ್ಲ. ಕ್ರಮ್‌ಗೆ ಪಿತ್ತ ನೆತ್ತಿಗೇರುತ್ತದೆ. ತಗೋ ಹಾಗಾದರೆ ಅಂತ ಕಾಗದದಷ್ಟು ತೆಳುವಾಗಿ ಹೆರೆದು, ಫೋರ್ಕಿನಲ್ಲಿ ಚುಚ್ಚಿದರೆ ಪುಡಿಯಾಗುವಷ್ಟು ಗರಿಗರಿ ಕರಿದು, ಮೇಲೆ ಧಾರಾಳವಾಗಿ ಉಪ್ಪು ಎರಚಿ ಕಳಿಸುತ್ತಾನೆ. ಗಿರಾಕಿ ಒಂದನ್ನು ಬಾಯಿಗಿಡುತ್ತಾನೆ. ಇನ್ನೊಂದು. ಮತ್ತೊಂದು. ತಟ್ಟೆ ಖಾಲಿ. ಚಿಪ್ಸ್ ಹುಟ್ಟಿತು.

ಕಥೆ ಚೆನ್ನಾಗಿದೆ. ನಿಜವಾಗಿರುವುದಕ್ಕೆ ಸ್ವಲ್ಪ ಹೆಚ್ಚೇ ಚೆನ್ನಾಗಿದೆ. ಆ ಗಿರಾಕಿ ಬೇರೆ ಯಾರೂ ಅಲ್ಲ, ಹಡಗು, ರೈಲುಗಳ ಕುಬೇರ ಕಾರ್ನೀಲಿಯಸ್ ವ್ಯಾಂಡರ್‌ಬಿಲ್ಟ್ ಎಂದು ಆಮೇಲೆ ಯಾರೋ ಒಗ್ಗರಣೆ ಹಾಕಿದರು. ಕರಿದದ್ದು ಕ್ರಮ್ ಅಲ್ಲ, ಅವನ ಜೊತೆಗೆ ಕೆಲಸ ಮಾಡುತ್ತಿದ್ದ ಸಹೋದರಿ ಕೇಟ್ ವಿಕ್ಸ್ ಎನ್ನುವವರೂ ಇದ್ದಾರೆ. ಇವರೆಲ್ಲರಿಗಿಂತ ಮೊದಲೇ, 1817ರಲ್ಲಿ, ಲಂಡನ್ನಿನ ವಿಲಿಯಂ ಕಿಚಿನರ್ ಎಂಬ ವೈದ್ಯ ಒಂದು ಅಡುಗೆ ಪುಸ್ತಕ ಅಚ್ಚು ಹಾಕಿಸಿದ್ದ. ‘ದಿ ಕುಕ್ಸ್ ಆರಕಲ್’ ಎಂಬ ಆ ಪುಸ್ತಕ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಬಿಸಿ ದೋಸೆಯಂತೆ ಖರ್ಚಾಯಿತು. ಆಲೂಗಡ್ಡೆಯನ್ನು ತೆಳ್ಳಗೆ ಹೆರೆದು, ಬಟ್ಟೆಯಲ್ಲಿ ಒರೆಸಿ, ಕಾದ ಕೊಬ್ಬಿನಲ್ಲಿ ಗರಿಗರಿಯಾಗಿ ಕರಿಯುವ ವಿಧಾನ ಅದರಲ್ಲಿದೆ. ಕ್ರಮ್‌ನ ಕೈರುಚಿ ಸುಳ್ಳಲ್ಲ. 1860ರಲ್ಲಿ ಅವನು ಸ್ವಂತ ಹೋಟೆಲು ತೆರೆದಾಗ ಪ್ರತಿ ಮೇಜಿನ ಮೇಲೂ ಒಂದು ಬುಟ್ಟಿ ಚಿಪ್ಸ್ ಇಡುತ್ತಿದ್ದ, ಅದನ್ನು ತಿನ್ನಲೆಂದೇ ದೊಡ್ಡವರು ಬಂದು ಸರದಿಗೆ ಕಾಯುತ್ತಿದ್ದರು. ಆದರೆ ಆ ಬುಟ್ಟಿಯನ್ನು ಗಮನಿಸಿ. ಬಾಣಲೆಯಿಂದ ಬುಟ್ಟಿಗೆ ಹತ್ತು ಹೆಜ್ಜೆ, ಬುಟ್ಟಿಯಿಂದ ಬಾಯಿಗೆ ಒಂದು ಗೇಣು. ಅಷ್ಟು ದೂರ ಗರಿಗರಿಯಾಗಿ ಉಳಿಯುವುದು ಯಾವ ಕರಿದ ತಿಂಡಿಗೂ ಕಷ್ಟವಲ್ಲ.

ಕರಿಯುವುದು ಯಾರಿಗೂ ದೊಡ್ಡ ವಿದ್ಯೆಯಾಗಿರಲಿಲ್ಲ. ನಾಳೆಗೆ, ನಾಡಿದ್ದಿಗೆ, ಇನ್ನೊಂದು ಊರಿಗೆ ಗರಿ ಕೆಡದಂತೆ ಸಾಗಿಸುವುದು ವಿದ್ಯೆ. ಚಿಪ್ಸಿನ ಚರಿತ್ರೆಯಲ್ಲಿ ಸಿಟ್ಟಿನ ಅಡುಗೆಯವನಿಗೆ ಸಿಕ್ಕ ಪುಟಗಳಲ್ಲಿ ಅರ್ಧವಾದರೂ ಆ ವಿದ್ಯೆ ಕಂಡುಹಿಡಿದವರಿಗೆ ಸಿಗಬೇಕಿತ್ತು ಎಂಬುದು ನನ್ನ ತಕರಾರು. ಬನ್ನಿ, ಅವರ ಹತ್ತಿರ ಹೋಗೋಣ.

ದಾರಿಯಲ್ಲಿ ಒಂದು ದಿನಸಿ ಅಂಗಡಿ ಹೊಕ್ಕು ಬರೋಣ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳು, ಅಮೆರಿಕದ ಯಾವುದಾದರೊಂದು ಊರು. 1895ರಲ್ಲಿ ಕ್ಲೀವ್‌ಲ್ಯಾಂಡಿನ ವಿಲಿಯಂ ಟ್ಯಾಪೆಂಡನ್ ಎಂಬಾತ ಮನೆಯ ಒಲೆಯಲ್ಲಿ ಚಿಪ್ಸ್ ಕರಿದು ಕುದುರೆ ಗಾಡಿಯಲ್ಲಿ ಹೇರಿಕೊಂಡು ಅಂಗಡಿ ಅಂಗಡಿಗೆ ಹಾಕಲು ಶುರು ಮಾಡಿದ ಮೇಲೆ ಇಂಥ ಕಸುಬುದಾರರು ಎಲ್ಲೆಡೆ ಹುಟ್ಟಿಕೊಂಡಿದ್ದಾರೆ. ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಮರದ ಪೀಪಾಯಿ ಇದೆ ನೋಡಿ. ಅಂಗಡಿಯವನು ಮುಚ್ಚಳ ಸರಿಸಿ, ಮೊರದಂಥ ಸೌಟಿನಲ್ಲಿ ಮೊಗೆದು ಕಾಗದದ ಪೊಟ್ಟಣಕ್ಕೆ ಸುರಿಯುತ್ತಾನೆ. ಬೆಳಗ್ಗೆ ಬಂದ ಗಿರಾಕಿ ಪುಣ್ಯವಂತ. ಸಂಜೆಯವನಿಗೆ ಸಿಗುವುದು ಅರ್ಧ ಮೆತ್ತಗಾದದ್ದು. ಪೀಪಾಯಿಯ ತಳಕ್ಕೆ ಬಗ್ಗಿ ಮೂಗು ಇಡಿ: ಪುಡಿಪುಡಿಯಾದ ಚೂರು, ಗೋಡೆಗೆ ಇಳಿದ ಎಣ್ಣೆ, ಕಮಟು ವಾಸನೆ. ಪೊಟ್ಟಣವಾದರೂ ಏನು, ಮನೆ ಮುಟ್ಟುವ ಹೊತ್ತಿಗೆ ಎಣ್ಣೆ ಕುಡಿದು ಪಾರದರ್ಶಕವಾಗಿರುತ್ತದೆ. ಮನೆಗೆ ಹೋಗಿ ಒಲೆಯಲ್ಲಿ ಮತ್ತೆ ಬಿಸಿ ಮಾಡಿಕೊಂಡು ತಿನ್ನಬೇಕು.

ಲಂಡನ್ನಿನ ಕ್ರಿಕಲ್‌ವುಡ್ ಬಡಾವಣೆಯಲ್ಲಿ 1920ರಲ್ಲಿ ಫ್ರಾಂಕ್ ಸ್ಮಿತ್ ಎಂಬವನಿಗೆ ಬೇರೆಯೇ ತಲೆನೋವು. ಹೆಂಡತಿ ಗ್ಯಾರೇಜಿನಲ್ಲಿ ಸಿಪ್ಪೆ ತೆಗೆದು, ಹೆಚ್ಚಿ, ಕರಿದು ಕೊಡುತ್ತಾಳೆ. ಇವನು ಜಿಡ್ಡು ಹೀರದ ಕಾಗದದ ಪೊಟ್ಟಣ ಕಟ್ಟಿ ಕುದುರೆ ಗಾಡಿಯಲ್ಲಿ ಪಬ್ಬುಗಳಿಗೆ ಮಾರುತ್ತಾನೆ. ಚಿಪ್ಸಿನ ಜೊತೆ ಪಬ್ಬಿನ ಮೇಜಿಗಿಟ್ಟ ಉಪ್ಪಿನ ಡಬ್ಬಿಗಳು ಒಂದೊಂದಾಗಿ ಗಿರಾಕಿಗಳ ಜೇಬು ಸೇರುತ್ತಿದ್ದವು. ಸ್ಮಿತ್ ನೀಲಿ ಕಾಗದದ ಚೂರಿನಲ್ಲಿ ಚಿಟಿಕೆ ಉಪ್ಪು ಸುತ್ತಿ ಪೊಟ್ಟಣದೊಳಗೇ ಹಾಕಿಬಿಟ್ಟ. ಬೇಕಾದವರು ಬಿಚ್ಚಿ ಉದುರಿಸಿಕೊಂಡು, ಪೊಟ್ಟಣ ಕುಲುಕಿ ತಿಂದರು. ಇಂಗ್ಲೆಂಡಿನವರು ಆ ನೀಲಿ ಚೀಟಿಯನ್ನು ದಶಕಗಟ್ಟಲೆ ಪ್ರೀತಿಸಿದರು. ಆದರೆ ತೇವದ ಸಮಸ್ಯೆ ಹಾಗೇ ಉಳಿಯಿತು.

ಈಗ ಕ್ಯಾಲಿಫೋರ್ನಿಯಾ, ಲಾಸ್ ಏಂಜಲೀಸ್ ಪಕ್ಕದ ಮಾಂಟೆರಿ ಪಾರ್ಕ್, 1926. ರಾತ್ರಿ ಊಟದ ಪಾತ್ರೆಗಳನ್ನು ತೊಳೆದು ಬೋರಲು ಹಾಕಿದ್ದಾಗಿದೆ. ಅಡುಗೆಮನೆಯ ಮೇಜಿನ ಮೇಲೆ ಮೇಣ ಸವರಿದ ಕಾಗದದ ಹಾಳೆಗಳ ಕಂತೆ. ಬೆಳಗ್ಗೆಯಿಂದ ಚಿಪ್ಸ್ ಕಾರ್ಖಾನೆಯಲ್ಲಿ ದುಡಿದು ಬಂದ ಹೆಣ್ಣುಮಗಳು ಇಸ್ತ್ರಿಪೆಟ್ಟಿಗೆಯನ್ನು ಕೆನ್ನೆಯ ಹತ್ತಿರ ಹಿಡಿದು ಕಾವು ನೋಡುತ್ತಾಳೆ. ಕಾವು ಹೆಚ್ಚಾದರೆ ಮೇಣ ಕರಗಿ ಹರಿದು ಕಾಗದ ಹೊಗೆಯಾಡುತ್ತದೆ. ಕಮ್ಮಿಯಾದರೆ ಅಂಚು ಕಚ್ಚಿಕೊಳ್ಳುವುದಿಲ್ಲ. ಹಾಳೆ ಮಡಚಬೇಕು, ಪಕ್ಕದ ಅಂಚು ಮಡಚಿ ಪೆಟ್ಟಿಗೆ ಎಳೆಯಬೇಕು, ತಳದ ಅಂಚಿಗೂ ಹಾಗೆಯೇ ಮಾಡಬೇಕು. ಮೇಣ ಕರಗಿ, ಆರಿ, ಎರಡು ಪದರ ಒಂದಾಗುತ್ತವೆ. ಒಂದು ಚೀಲ ಆಯಿತು. ಕರಗಿದ ಮೇಣದ ವಾಸನೆ ಮನೆ ತುಂಬಿದೆ. ಊರಿನ ಇನ್ನೆಷ್ಟೋ ಮನೆಗಳಲ್ಲಿ ಈ ಹೊತ್ತಿಗೆ ಇದೇ ವಾಸನೆ. ಬೆಳಗಾದರೆ ಆ ಚೀಲಗಳನ್ನೆಲ್ಲ ಹೊತ್ತುಕೊಂಡು ಕಾರ್ಖಾನೆಗೆ ಹೋಗಬೇಕು, ಚಿಪ್ಸ್ ಕೈಯಾರೆ ತುಂಬಬೇಕು, ಬಾಯಿಗೆ ಮತ್ತೆ ಬೆಚ್ಚನೆಯ ಇಸ್ತ್ರಿ ತಾಗಿಸಿ ಮುಚ್ಚಬೇಕು.

ಈ ಏರ್ಪಾಡಿನ ಹಿಂದಿದ್ದವಳು ಲಾರಾ ಸ್ಕಡರ್. ನರ್ಸ್ ಆಗಿದ್ದವಳು, ಆಮೇಲೆ ಕಾನೂನು ಓದಿ ಯುಕಾಯಾ ಎಂಬ ಊರಿನ ಮೊದಲ ಮಹಿಳಾ ವಕೀಲೆ ಅನಿಸಿಕೊಂಡವಳು. ಗಂಡನೊಂದಿಗೆ ಮಾಂಟೆರಿ ಪಾರ್ಕಿಗೆ ಬಂದು ಪೆಟ್ರೋಲ್ ಬಂಕ್ ನಡೆಸುತ್ತ, ಅದರ ಪಕ್ಕದಲ್ಲೇ ಚಿಪ್ಸ್ ಕಸುಬು ಶುರು ಮಾಡಿದಳು. ಪೀಪಾಯಿಯ ತಳದ ಪುಡಿಯೇ ತನ್ನ ಶತ್ರು ಎಂದು ಅವಳಿಗೆ ಗೊತ್ತಿತ್ತು. ನಮ್ಮ ಅಜ್ಜಿಯರು ಮಳೆಗಾಲದಲ್ಲಿ ಕರಿದ ಸಂಡಿಗೆಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಮಕ್ಕಳು ಮುಚ್ಚಳ ಸಡಿಲ ಬಿಟ್ಟರೆ ಬೈಯುತ್ತಿದ್ದರಲ್ಲ, ಅದೇ ತಿಳಿವಳಿಕೆ. ಲಾರಾ ಮಾಡಿದ್ದೆಂದರೆ, ಪ್ರತಿಯೊಬ್ಬ ಗಿರಾಕಿಗೂ ಅವನದೇ ಆದ ಒಂದು ಪುಟ್ಟ ಡಬ್ಬಿ ಕೊಟ್ಟದ್ದು. ಮೊದಲ ಬಾರಿಗೆ ಚಿಪ್ಸ್ ಅಂಗಡಿಯವನ ಸೌಟಿನಿಂದ ಬಿಡುಗಡೆಯಾಗಿ, ತಯಾರಿಸಿದವರ ಹೆಸರು ಹೊತ್ತು ದೂರದ ಊರಿಗೆ ಹೊರಟಿತು. ಚೀಲದ ಮೇಲೆ ತಾಜಾತನದ ದಿನಾಂಕ ಮುದ್ರಿಸಿದವರಲ್ಲೂ ಅವಳು ಮೊದಲಿಗಳು. ತನ್ನ ಸರಕನ್ನು ಲೋಕದಲ್ಲೇ ಅತ್ಯಂತ ಸದ್ದು ಮಾಡುವ ಚಿಪ್ಸ್ ಎಂದು ಜಾಹೀರಾತು ಮಾಡಿದಳು. ಸದ್ದೇ ತಾಜಾತನದ ಗುರುತು ಎಂದು ಅರಿತ ವ್ಯಾಪಾರಿ ಹಾಗೆ ಹೇಳಬಲ್ಲಳು.

ಸಾಗಣೆಯ ಲಾರಿಗೆ ವಿಮೆ ಬೇಕೆಂದಾಗ, ಹೆಂಗಸಿನ ವ್ಯವಹಾರವನ್ನು ನಂಬಿ ಬರೆದುಕೊಡಲು ಗಂಡಸು ಏಜೆಂಟರು ಯಾರೂ ಒಪ್ಪಲಿಲ್ಲ; ಕೊನೆಗೆ ಒಬ್ಬ ಮಹಿಳಾ ಏಜೆಂಟ್ ಬರೆದುಕೊಟ್ಟಳು. ವರ್ಷಗಳಾದ ಮೇಲೆ ಕಂಪನಿಗೆ 90 ಲಕ್ಷ ಡಾಲರು ಕೊಡುತ್ತೇವೆಂದು ಒಬ್ಬರು ಬಂದರು. ನೌಕರರ ಕೆಲಸ ಉಳಿಸುವ ಭರವಸೆ ಸಿಗದ್ದರಿಂದ ಆಕೆ ಒಲ್ಲೆ ಎಂದಳು. ಆ ಭರವಸೆ ಕೊಟ್ಟವರಿಗೆ 1957ರಲ್ಲಿ 60 ಲಕ್ಷಕ್ಕೆ ಮಾರಿದಳು. ಮೂವತ್ತು ಲಕ್ಷ ಡಾಲರು ಬಿಟ್ಟುಕೊಟ್ಟ ಇಂಥ ವ್ಯಾಪಾರಿಯನ್ನು ಬಿಟ್ಟು, ತಟ್ಟೆ ವಾಪಸ್ ಬಂದದ್ದಕ್ಕೆ ಸಿಟ್ಟಾದವನನ್ನು ನಾವು ನೆನಪಿಟ್ಟುಕೊಂಡಿದ್ದೇವೆ.

ಮೇಣದ ಕಾಗದದ ಆಯುಸ್ಸು ದೊಡ್ಡದಾಗಿರಲಿಲ್ಲ. 1927ರಲ್ಲಿ ಡುಪಾಂಟ್ ಕಂಪನಿಯ ವಿಲಿಯಂ ಹೇಲ್ ಚಾರ್ಚ್ ಎಂಬ ರಸಾಯನತಜ್ಞ ತೇವ ಒಳಬಿಡದ ಸೆಲೋಫೇನ್ ಮಾಡುವ ಬಗೆ ಕಂಡುಹಿಡಿದ. 1929ರ ಹೊತ್ತಿಗೆ ಒಂದೊಂದು ಬಾಣಲೆ ಇಳಿಸಿ ಏರಿಸುವ ಬದಲು, ಒಂದು ತುದಿಯಲ್ಲಿ ಬಿಲ್ಲೆ ಹಾಕಿದರೆ ಇನ್ನೊಂದು ತುದಿಯಲ್ಲಿ ಚಿಪ್ಸ್ ಬರುವ ನಿರಂತರ ಕರಿಯುವ ಯಂತ್ರವೂ ಬಂತು. 1932ರಲ್ಲಿ ನ್ಯಾಶ್‌ವಿಲ್ಲಿನ ಬೀದಿಗೆ ಬಂದು ನಿಂತರೆ, ಫೋರ್ಡ್ ಕಾರಿನ ತುಂಬ ಬೇರೆ ಕಂಪನಿಯ ಚಿಪ್ಸ್ ತುಂಬಿಕೊಂಡು ಅಂಗಡಿ, ಆಸ್ಪತ್ರೆ, ಪೆಟ್ರೋಲ್ ಬಂಕ್ ಎನ್ನದೆ ಅಲೆಯುವ ಒಬ್ಬ ಯುವಕ ಕಾಣುತ್ತಾನೆ. ಹರ್ಮನ್ ಲೇ. ಆರೇಳು ವರ್ಷಗಳಲ್ಲಿ ಅವನು ಚಿಪ್ಸ್ ತಯಾರಿಸುವ ಆ ಕಂಪನಿಯನ್ನೇ ಕೊಂಡುಕೊಂಡ. 1961ರಲ್ಲಿ ಫ್ರಿಟೋ ಕಂಪನಿಯೊಂದಿಗೆ, 1965ರಲ್ಲಿ ಪೆಪ್ಸಿಯೊಂದಿಗೆ ಸೇರಿಕೊಂಡ ಮೇಲೆ ಅವನ ಹೆಸರು ಭೂಮಂಡಲದ ಗೂಡಂಗಡಿಗಳಲ್ಲೆಲ್ಲ ನೇತಾಡತೊಡಗಿತು.

ಒಂದು ಕ್ಷಣ ಡಬ್ಲಿನ್ನಿಗೆ. 1954. ಮೂರ್ ಸ್ಟ್ರೀಟಿನ ಪಕ್ಕದ ಓಣಿಯಲ್ಲಿ ಜೋ ಮರ್ಫಿ ಎಂಬವನ ಪುಟ್ಟ ಕಾರ್ಖಾನೆ, ಹೆಸರು ಟೇಟೊ. ಬೆರಳೆಣಿಕೆಯ ಕೆಲಸಗಾರರು, ಒಂದೇ ವ್ಯಾನು. ಸೀಮಸ್ ಬರ್ಕ್ ಎಂಬ ಕೆಲಸಗಾರ ಮೇಜಿನ ಮೇಲೆ ಒಣ ಪುಡಿಗಳನ್ನು ಹರಡಿಕೊಂಡು ಬೆರೆಸುತ್ತಾನೆ, ನೆಕ್ಕಿ ನೋಡುತ್ತಾನೆ, ಮುಖ ಸಿಂಡರಿಸುತ್ತಾನೆ, ಮತ್ತೆ ಬೆರೆಸುತ್ತಾನೆ. ಕೊನೆಗೆ ಚೀಸ್ ಮತ್ತು ಈರುಳ್ಳಿಯ ಹದ ಕೂಡಿ ಬಂತು. ಅಲ್ಲಿಯವರೆಗೆ ಚಿಪ್ಸ್ ಎಂದರೆ ಉಪ್ಪು, ಇಲ್ಲವೆಂದರೆ ಉಪ್ಪಿನ ಚೀಟಿ. ಈಗ ನಿಮ್ಮ ಕೈಯಲ್ಲಿರುವ ಮಸಾಲೆ ಪ್ಯಾಕೆಟ್ಟಿನ ವಂಶ ಈ ಮೇಜಿನಿಂದ ಶುರು.

ಇನ್ನು ಇವತ್ತಿನ ಕಾರ್ಖಾನೆ. ತಲೆಗೆ ಟೋಪಿ, ಬಾಯಿಗೆ ಮುಸುಕು, ಉಂಗುರ, ಗಡಿಯಾರ ತೆಗೆದಿಡಿ. ಯಂತ್ರಗಳು ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಒಂದೇ ಥರ.

ಗೇಟಿನ ಹೊರಗೆ ಲಾರಿಗಳು ಸಾಲಾಗಿ ಕಾಯುತ್ತಿವೆ. ಒಳಗೆ ಬಿಡುವ ಮೊದಲು ಪ್ರತಿ ಲಾರಿಯಿಂದ ಒಂದು ಬುಟ್ಟಿ ಗಡ್ಡೆ ತೆಗೆದು ಪರೀಕ್ಷೆಯ ಕೋಣೆಗೆ ಒಯ್ಯುತ್ತಾರೆ. ನೀರಿನಲ್ಲಿ ತೂಗಿ ಒಣ ಅಂಶ ನೋಡುತ್ತಾರೆ: ನೂರರಲ್ಲಿ ಇಪ್ಪತ್ತು ಪಾಲಾದರೂ ಇರಬೇಕು, ಉಳಿದದ್ದು ನೀರು. ನೀರು ಜಾಸ್ತಿಯಾದರೆ ಎಣ್ಣೆ ಜಾಸ್ತಿ ಕುಡಿಯುತ್ತದೆ, ಚಿಪ್ಸ್ ಕಡಿಮೆ ಹುಟ್ಟುತ್ತದೆ. ಆಮೇಲೆ ನಾಲ್ಕು ಬಿಲ್ಲೆ ಕರಿದು ಬಣ್ಣ ನೋಡುತ್ತಾರೆ. ಇಲ್ಲಿ ಎಷ್ಟೋ ಲಾರಿಗಳು ವಾಪಸ್ ಹೋಗುತ್ತವೆ. ನೋಡಲು ಒಳ್ಳೆಯ ಗಡ್ಡೆ, ಕೊಳೆತಿಲ್ಲ, ಮೊಳೆತಿಲ್ಲ. ಕರಿದರೆ ಮಾತ್ರ ಕಂದು, ಬಾಯಿಗಿಟ್ಟರೆ ಕಹಿ.

ಕಾರಣ ಸಕ್ಕರೆ. ಆಲೂಗಡ್ಡೆಗೆ ಚಳಿಯಾದರೆ ಅದು ತನ್ನ ಪಿಷ್ಟವನ್ನು ಒಡೆದು ಸಕ್ಕರೆ ಮಾಡಿಕೊಳ್ಳುತ್ತದೆ. ಆ ಸಕ್ಕರೆ ಬಿಸಿ ಎಣ್ಣೆಯಲ್ಲಿ ಗಡ್ಡೆಯ ಅಮೈನೋ ಆಮ್ಲಗಳ ಜೊತೆ ಸೇರಿ ಕಂದಾಗುತ್ತದೆ. ಮನೆಯಲ್ಲಿ ಫ್ರಿಜ್ಜಿನಲ್ಲಿಟ್ಟ ಆಲೂಗಡ್ಡೆ ಕರಿದಾಗ ಕಪ್ಪಿಟ್ಟರೆ ಬೈಯಬೇಕಾದದ್ದು ಒಲೆಯನ್ನಲ್ಲ, ಫ್ರಿಜ್ಜನ್ನು. ಹಾಗಾಗಿ ಚಿಪ್ಸಿನ ಗಡ್ಡೆಯನ್ನು ಸಾಂಬಾರಿನ ಗಡ್ಡೆಯಂತೆ ಮೂರು ನಾಲ್ಕು ಡಿಗ್ರಿಯಲ್ಲಿಡುವುದಿಲ್ಲ. ಹತ್ತು ಹನ್ನೆರಡು ಡಿಗ್ರಿಯಲ್ಲಿಟ್ಟು, ಮೊಳಕೆಯೊಡೆಯದಂತೆ ಬೇರೆ ಉಪಾಯ ಮಾಡುತ್ತಾರೆ. ತಳಿಯೂ ಬೇರೆಯೇ ಬೇಕು. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಈ ಕೆಲಸಕ್ಕೆಂದೇ 1998ರಲ್ಲಿ ಕುಫ್ರಿ ಚಿಪ್ಸೋನಾ ತಳಿಗಳನ್ನು ಹೊರತಂದಿತು. ಕಂದು ಬಣ್ಣದ ವಿಷಯ ಬರೀ ಅಂದಚಂದದ್ದೂ ಅಲ್ಲ. ಅದೇ ಸಕ್ಕರೆ ಮತ್ತು ಆಸ್ಪರಜಿನ್ ಎಂಬ ಅಮೈನೋ ಆಮ್ಲ ಹೆಚ್ಚಿನ ಶಾಖದಲ್ಲಿ ಸೇರಿ ಅಕ್ರಿಲಮೈಡ್ ಎಂಬ ವಸ್ತುವಾಗುತ್ತದೆ. ಕ್ಯಾನ್ಸರಿನ ಶಂಕೆಯಿರುವ ಈ ವಸ್ತು ಕರಿದ ತಿಂಡಿಗಳಲ್ಲಿದೆ ಎಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದ ಮೇಲೆ ಈ ಕೋಣೆಯವರ ಗತ್ತು ಇನ್ನೂ ಹೆಚ್ಚಿದೆ.

ಒಪ್ಪಿಗೆಯಾದ ಲಾರಿ ಒಳಗೆ ಬಂತು. ಗಡ್ಡೆಗಳು ನೀರಿನ ಕಾಲುವೆಯಲ್ಲಿ ತೇಲಿ ಬರುವಾಗ ಕಲ್ಲುಗಳು ತಳ ಸೇರುತ್ತವೆ. ಉಪ್ಪುಕಾಗದದಂಥ ಒರಟು ಉರುಳೆಗಳ ನಡುವೆ ಹೊರಳಿ ಸಿಪ್ಪೆ ಕಳೆದುಕೊಳ್ಳುತ್ತವೆ. ಮುಂದಿನದು ಹೆಚ್ಚುವ ಯಂತ್ರ. ಹತ್ತಿರ ಬನ್ನಿ, ಕೈ ಮಾತ್ರ ಹಿಂದಿರಲಿ. ಇಲ್ಲಿ ಚಾಕು ಓಡಾಡುವುದಿಲ್ಲ, ಗಡ್ಡೆ ಓಡಾಡುತ್ತದೆ. ಉಂಗುರದ ಒಳಗೋಡೆಗೆ ಸುತ್ತಲೂ ಅಲಗು ಕೂರಿಸಿದ್ದಾರೆ. ನಡುವಿನ ತಿರುಗಣೆ ಗಡ್ಡೆಯನ್ನು ಬೀಸಿ ಗೋಡೆಗೆ ಒತ್ತುತ್ತದೆ. ಅಲಗು ಎದುರಾದಲ್ಲೆಲ್ಲ ಒಂದು ಬಿಲ್ಲೆ. ಒಂದು ಗಡ್ಡೆ ಒಳಗೆ ಬಿದ್ದದ್ದು ಕಾಣುತ್ತದೆ, ಬಿಲ್ಲೆಯಾದದ್ದು ಕಾಣುವುದಿಲ್ಲ. ದಪ್ಪ ಒಂದೂವರೆ ಮಿಲಿಮೀಟರಿಗಿಂತ ತುಸು ಕಡಿಮೆ. ಅಲಗು ಚೂರು ಮೊಂಡಾದರೂ ಅದು ಕತ್ತರಿಸುವ ಬದಲು ಹರಿಯುತ್ತದೆ, ಹರಿದ ಮೈ ಹೆಚ್ಚು ಎಣ್ಣೆ ಹೀರುತ್ತದೆ. ಎಣ್ಣೆ ಗಡ್ಡೆಗಿಂತ ದುಬಾರಿ. ಅದಕ್ಕೇ ಅಲಗು ಬದಲಿಸಲು ಒಬ್ಬ ಸದಾ ಸಿದ್ಧನಾಗಿರುತ್ತಾನೆ.

ಬಿಲ್ಲೆಗಳನ್ನು ತೊಳೆದ ನೀರು ಹಾಲಿನಂತೆ ಬೆಳ್ಳಗಿದೆ. ಅದು ಪಿಷ್ಟ. ಅದನ್ನು ಚೆಲ್ಲುವುದಿಲ್ಲ, ಬೇರ್ಪಡಿಸಿ ಒಣಗಿಸಿ ಮಾರುತ್ತಾರೆ. ತೊಳೆಯದೆ ಕರಿದರೆ ಬಿಲ್ಲೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ.

ಈಗ ಎಣ್ಣೆ. ಮನೆಯ ಬಾಣಲೆಯನ್ನು ಮರೆತುಬಿಡಿ. ಉದ್ದನೆಯ ಕಾಲುವೆ, ಅದರಲ್ಲಿ ಸುಮಾರು 180 ಡಿಗ್ರಿಯ ಎಣ್ಣೆ ಹರಿಯುತ್ತಿದೆ. ಒಂದು ತುದಿಯಲ್ಲಿ ಬಿಲ್ಲೆಗಳು ಬಿದ್ದ ಕೂಡಲೇ ಇಡೀ ಕಾಲುವೆ ಭೋರ್ಗರೆಯುತ್ತದೆ. ಅದು ಎಣ್ಣೆಯ ಕುದಿತವಲ್ಲ, ಆಲೂಗಡ್ಡೆಯೊಳಗಿನ ನೀರು ಆವಿಯಾಗಿ ಹೊರಬರುವ ಅಬ್ಬರ. ಹುಟ್ಟಿನಂಥ ಚಕ್ರಗಳು ಬಿಲ್ಲೆಗಳನ್ನು ಮುಂದೆ ದೂಡುತ್ತವೆ. ಹಗುರಾಗಿ ತೇಲಲು ಹೊರಟವನ್ನು ಮೇಲಿನಿಂದ ಒಂದು ಜಾಲರಿ ಒತ್ತಿ ಹಿಡಿಯುತ್ತದೆ. ಮೂರು ನಿಮಿಷ. ಆ ತುದಿಗೆ ಬರುವಾಗ ಗುಳ್ಳೆ ನಿಂತಿದೆ, ಸದ್ದು ನಿಂತಿದೆ. ಅಡುಗೆಮನೆಯಲ್ಲಿ ಹಪ್ಪಳ ಕರಿಯುವವರಿಗೂ ಈ ಗುರುತು ಗೊತ್ತು. ನೂರರಲ್ಲಿ ಎಂಬತ್ತು ಪಾಲಿದ್ದ ನೀರು ಈಗ ಎರಡಕ್ಕೆ ಇಳಿದಿದೆ. ನಾಲ್ಕು ಕಿಲೋ ಗಡ್ಡೆಗೆ ಒಂದು ಕಿಲೋ ಚಿಪ್ಸ್.

ಒಂದು ಸೋಜಿಗ ಹೇಳುತ್ತೇನೆ. ಎಣ್ಣೆಯಲ್ಲಿ ಮುಳುಗಿರುವಾಗ ಬಿಲ್ಲೆ ಎಣ್ಣೆ ಕುಡಿಯುವುದು ಕಡಿಮೆ. ಒಳಗಿನಿಂದ ನುಗ್ಗುವ ಆವಿ ಎಣ್ಣೆಯನ್ನು ಹತ್ತಿರ ಸೇರಿಸುವುದಿಲ್ಲ. ಹೊರಬಂದು ಆರತೊಡಗಿದಾಗ ಒಳಗಿನ ಆವಿ ಮುದುಡಿ ಸಣ್ಣ ಸಣ್ಣ ರಂಧ್ರಗಳಲ್ಲಿ ನಿರ್ವಾತವಾಗುತ್ತದೆ, ಮೈಮೇಲೆ ಅಂಟಿದ ಎಣ್ಣೆ ಸರ್ರನೆ ಒಳಗೆ ಎಳೆದುಕೊಳ್ಳಲ್ಪಡುತ್ತದೆ. ಬಾಣಲೆಯಿಂದ ತೆಗೆದ ಕೂಡಲೇ ಝಾರಿಯನ್ನು ಜಾಡಿಸಿ ಎಣ್ಣೆ ಬಸಿಯಬೇಕು ಎನ್ನುವ ಅಡುಗೆಭಟ್ಟರ ಆತುರದ ಹಿಂದೆ ಇಷ್ಟು ಭೌತಶಾಸ್ತ್ರ ಅಡಗಿದೆ. ಇಷ್ಟೆಲ್ಲ ಎಚ್ಚರ ವಹಿಸಿದರೂ ಚಿಪ್ಸಿನ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಎಣ್ಣೆಯೇ.

ಮುಂದಿನ ಪಟ್ಟಿಯ ಮೇಲೆ ಕ್ಯಾಮೆರಾಗಳು ಕಾದಿವೆ. ಕಂದು ಚುಕ್ಕೆ, ಹಸಿರು ಅಂಚು ಕಂಡ ಚಿಪ್ಸನ್ನು ಗಾಳಿಯ ಒಂದು ಚಿಟಿಕೆ ಹೊರಗೆ ಹಾರಿಸುತ್ತದೆ. ಉಳಿದವು ತಿರುಗುವ ಪೀಪಾಯಿಗೆ. ಮೇಲಿನಿಂದ ಉಪ್ಪು, ಮಸಾಲೆ ಜಿನುಗುತ್ತದೆ. ಚಿಪ್ಸ್ ಇನ್ನೂ ಬಿಸಿಯಾಗಿ, ಮೈ ಜಿಡ್ಡಾಗಿದ್ದಾಗಲೇ ಈ ಕೆಲಸ ಮುಗಿಯಬೇಕು. ಆರಿದ ಮೇಲೆ ಎರಚಿದ ಮಸಾಲೆ ಪ್ಯಾಕೆಟ್ಟಿನ ತಳ ಸೇರುತ್ತದೆ. ನಾವು ಪ್ಯಾಕೆಟ್ ಖಾಲಿಯಾದ ಮೇಲೆ ಬೆರಳಿಗೆ ಅಂಟಿಸಿಕೊಂಡು ನೆಕ್ಕುವುದು ಹೀಗೆ ಕೈತಪ್ಪಿದ ಪುಡಿಯನ್ನೇ.

ಕೊನೆಯ ಮಹಡಿಗೆ ಏರಿದರೆ ನನಗೆ ಇಡೀ ಕಾರ್ಖಾನೆಯಲ್ಲೇ ಇಷ್ಟವಾಗುವ ಯಂತ್ರ. ಚಿಪ್ಸನ್ನು ತೂಗುವುದು ತಾಪತ್ರಯದ ಕೆಲಸ. ಒಂದು ದೊಡ್ಡದು, ಒಂದು ಚೂರು. ಒಂದು ಹೆಚ್ಚಾದರೆ ಕಂಪನಿಗೆ ನಷ್ಟ, ಒಂದು ಕಡಿಮೆಯಾದರೆ ಕಾನೂನಿನ ತಕರಾರು. ಇದಕ್ಕೆ ಪರಿಹಾರ ಸಿಕ್ಕಿದ್ದು ಚಿಪ್ಸಿನವರಿಂದಲ್ಲ. ಜಪಾನಿನ ರೈತರ ಸಹಕಾರ ಸಂಘದವರಿಗೆ ದೊಡ್ಡ ಮೆಣಸಿನಕಾಯಿಯನ್ನು ಸಮ ತೂಕದ ಪೊಟ್ಟಣ ಕಟ್ಟಬೇಕಿತ್ತು. ಕ್ಯೋಟೋದ ಇಶಿದಾ ಕಂಪನಿ 1972ರಲ್ಲಿ ಅದಕ್ಕೊಂದು ತಕ್ಕಡಿ ಮಾಡಿಕೊಟ್ಟಿತು. ಹೂವಿನ ದಳಗಳ ಹಾಗೆ ಸುತ್ತಲೂ ಪುಟ್ಟ ಬುಟ್ಟಿಗಳು. ಪ್ರತಿ ಬುಟ್ಟಿಗೂ ಅಂದಾಜಿನಲ್ಲಿ ಒಂದಷ್ಟು ಬೀಳುತ್ತದೆ, ಪ್ರತಿಯೊಂದರ ತೂಕವೂ ದಾಖಲಾಗುತ್ತದೆ. ಯಾವ ಮೂರು ನಾಲ್ಕು ಬುಟ್ಟಿ ಕೂಡಿದರೆ ಬೇಕಾದ ತೂಕಕ್ಕೆ ಅತಿ ಹತ್ತಿರ ಬರುತ್ತದೆ ಎಂದು ಕಂಪ್ಯೂಟರು ಕಣ್ಣು ಮಿಟುಕಿಸುವುದರೊಳಗೆ ಲೆಕ್ಕ ಹಾಕಿ ಅವುಗಳನ್ನಷ್ಟೇ ತೆರೆಯುತ್ತದೆ. ಟಕ್. ಟಕ್. ಟಕ್.

ಕೆಳಗೆ ಹೊಳೆಯುವ ಹಾಳೆಯ ಸುರುಳಿ ಕೊಳವೆಯ ಸುತ್ತ ಮಡಚಿಕೊಂಡು ಚೀಲವಾಗುತ್ತಿದೆ. ಒಂದು ಚೀಲದ ಬಾಯಿ ಮತ್ತು ಮುಂದಿನದರ ತಳ ಒಂದೇ ಒತ್ತಿಗೆ ಬೆಸೆದುಕೊಳ್ಳುತ್ತವೆ. ಹಾಳೆಯ ನಡುವೆ ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ಅಲ್ಯೂಮಿನಿಯಂ ಲೇಪ. ಬೆಳಕು, ತೇವ, ಆಮ್ಲಜನಕ ಮೂರಕ್ಕೂ ಪ್ರವೇಶ ಇಲ್ಲ. ಒಳಗೆ ತುಂಬುವುದು ಸಾರಜನಕ. ಆಮ್ಲಜನಕ ಇದ್ದರೆ ಎಣ್ಣೆ ಕಮಟಾಗುತ್ತದೆ, ಉಬ್ಬಿದ ಚೀಲವಿಲ್ಲದಿದ್ದರೆ ಲಾರಿಯ ಕುಲುಕಾಟಕ್ಕೆ ಎಲ್ಲ ಪುಡಿಯಾಗುತ್ತದೆ. ಪ್ಯಾಕೆಟ್ ತುಂಬ ಗಾಳಿ ಎಂದು ನಗುವವರ ನಗೆಯಲ್ಲಿ ಅರ್ಧ ಮಾತ್ರ ನ್ಯಾಯವಿದೆ.

ಇಂಥ ಪ್ಯಾಕೆಟ್ಟಿನಲ್ಲಿ, ಹರ್ಮನ್ ಲೇಯ ಹೆಸರು ಹೊತ್ತ ಲೇಸ್ ಭಾರತಕ್ಕೆ ಬಂದದ್ದು 1995ರಲ್ಲಿ. ಅದಕ್ಕೂ ಮೊದಲು, 1992ರಿಂದ, ಅಂಕಲ್ ಚಿಪ್ಸ್ ಎಂಬ ದೇಸಿ ಬ್ರ್ಯಾಂಡ್ ಅಂಗಡಿಗಳನ್ನು ಆಳುತ್ತಿತ್ತು. 2000ರಲ್ಲಿ ಅದನ್ನೂ ಪೆಪ್ಸಿಯವರೇ ಕೊಂಡರು. ಚಿಪ್ಸಿನ ಜಗಳ ಗದ್ದೆಗೂ ಬಂತು. ತಾವು ನೋಂದಾಯಿಸಿದ ಎಫ್‌ಸಿ5 ತಳಿಯನ್ನು ಅನುಮತಿ ಇಲ್ಲದೆ ಬೆಳೆದರೆಂದು 2019ರಲ್ಲಿ ಕಂಪನಿ ಗುಜರಾತಿನ ರೈತರ ಮೇಲೆ ದಾವೆ ಹೂಡಿತು. ನಾಲ್ವರಿಂದ ತಲಾ ಒಂದು ಕೋಟಿ ರೂಪಾಯಿಗೂ ಮಿಕ್ಕ ಪರಿಹಾರ ಕೇಳಿತು. ಕೆಲವೇ ಎಕರೆಯ ರೈತ, ಕೋಟಿಯ ದಾವೆ. ದೇಶವೇ ಎದ್ದು ಕೂತಿತು, ಕಂಪನಿ ದಾವೆ ಹಿಂತೆಗೆದುಕೊಂಡಿತು. 2021ರಲ್ಲಿ ತಳಿಯ ನೋಂದಣಿ ರದ್ದಾಯಿತು, 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಆ ರದ್ದತಿಯನ್ನು ತಳ್ಳಿಹಾಕಿತು. ನಮ್ಮ ಹಾಸನದ ಬೆಳೆಗಾರನ ಪಾಡು ಬೇರೆ. ಮುಂಗಾರಿಗೆ ಮೊದಲು ಜಲಂಧರದಿಂದ ಬಂದ ಬಿತ್ತನೆ ಗಡ್ಡೆಗೆ ಎಪಿಎಂಸಿಯಲ್ಲಿ ನಿಂತು ಹಣ ಸುರಿಯಬೇಕು, ಕತ್ತರಿಸಿ ನೆಡಬೇಕು, ಆಮೇಲೆ ಅಂಗಮಾರಿ ಬಾರದಿರಲೆಂದು ಆಕಾಶ ನೋಡಬೇಕು. ಮಳೆಗಾಲದಲ್ಲಿ ಬೆಳೆದ ಗಡ್ಡೆಯಲ್ಲಿ ನೀರಿನಂಶ ಹೆಚ್ಚು. ಗೇಟಿನ ಪರೀಕ್ಷೆಯ ಕೋಣೆ ಕೇಳುವುದು ಒಣ ಅಂಶವನ್ನು.

ಸಂಜೆ ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ನಡೆಯಿರಿ, ಬಿಸಿ ಚಿಪ್ಸ್ ಅಂಗಡಿಯ ಎಣ್ಣೆಯ ಘಮ ಅಡ್ಡ ಬರುತ್ತದೆ. ಬಾಣಲೆಯ ಮೇಲೆಯೇ ಅಡ್ಡಲಾಗಿ ಹೆರೆಮಣೆ. ಭಟ್ಟರ ಅಂಗೈ ಹಿಂದಕ್ಕೆ ಮುಂದಕ್ಕೆ ಸರಿದಂತೆ ಬಿಲ್ಲೆಗಳು ನೇರ ಎಣ್ಣೆಗೆ ಉದುರುತ್ತವೆ. ಸದ್ದು ನಿಂತಿತೋ, ಝಾರಿ ಇಳಿಯುತ್ತದೆ, ಎರಡು ಸಲ ಜಾಡಿಸಿ ತಟ್ಟೆಗೆ ಸುರಿದು ಉಪ್ಪು, ಖಾರಪುಡಿ. ಇಲ್ಲಿ ಸಾರಜನಕ ಬೇಡ, ಅಲ್ಯೂಮಿನಿಯಂ ಲೇಪ ಬೇಡ. ಎಣ್ಣೆ ಎಷ್ಟನೇ ಸಲ ಕಾದದ್ದು ಎಂದು ಮಾತ್ರ ಕೇಳಬೇಕಾಗುತ್ತದೆ. ಕಪ್ಪಗಿದ್ದು ನೊರೆಯುತ್ತಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.

ಪ್ಯಾಕೆಟ್ಟೇ ಬೇಕು ಅಂದರೆ ಅದರ ಉಬ್ಬು ನೋಡಿ ಕೊಳ್ಳಬೇಡಿ. ಹಿಂದೆ ತಿರುಗಿಸಿ, ಸಣ್ಣ ಅಕ್ಷರದಲ್ಲಿ ನಿವ್ವಳ ತೂಕ ಇರುತ್ತದೆ; ಈಗ ಗ್ರಾಮಿಗೆ ಇಷ್ಟು ಎಂಬ ದರವನ್ನೂ ಅಚ್ಚು ಹಾಕಿರುತ್ತಾರೆ. ಅದನ್ನು ಸಾವಿರದಿಂದ ಗುಣಿಸಿ, ಬಿಸಿ ಚಿಪ್ಸ್ ಅಂಗಡಿಯ ಹಲಗೆಯ ಮೇಲಿನ ಕಿಲೋ ದರದ ಪಕ್ಕದಲ್ಲಿಟ್ಟು ನೋಡಿ, ಆಮೇಲೆ ದುಡ್ಡು ಕೊಡಿ.